ಬೇಡವೆನ್ನಲು ಬಲ ಕೊಡುವ ಕೈಪಿಡಿ: ವಿಶ್ವ ಆರೋಗ್ಯ ಸಂಸ್ಥೆಯ ‘ಅವೇರ್’ ಆಂಟಿಬಯಾಟಿಕ್ ಮಾರ್ಗದರ್ಶಿಯ ವಿಮರ್ಶೆ

ವಿಶ್ವ ಆರೋಗ್ಯ ಸಂಸ್ಥೆಯು 2022ರ ಡಿಸೆಂಬರ್‌ನಲ್ಲಿ ಹೊರತಂದ ‘ಅವೇರ್’ ಆಂಟಿಬಯಾಟಿಕ್ ಕೈಪಿಡಿ ಹಣ ಕೊಟ್ಟು ಕೊಳ್ಳುವ ಸರಕಲ್ಲ. ಔಷಧ ಬರೆಯುವ ವೈದ್ಯರು, ಅದನ್ನು ಪರಿಶೀಲಿಸುವ ಔಷಧ ತಜ್ಞರು, ವಾರ್ಡಿನಲ್ಲಿ ಡೋಸ್ ಕೊಡುವ ದಾದಿಯರು, ಯಾರು ಬೇಕಾದರೂ ಅದನ್ನು ಉಚಿತವಾಗಿ ಇಳಿಸಿಕೊಂಡು ಬಳಸಬಹುದು. ಪೂರ್ಣ ಪುಸ್ತಕ ಸುಮಾರು 700 ಪುಟಗಳಷ್ಟಿದೆ. ಅದರ ಸಾರವನ್ನೆಲ್ಲ ಚಿತ್ರ, ಪಟ್ಟಿ, ಬಣ್ಣದ ಚೌಕಗಳಲ್ಲಿ ಹಿಡಿದಿಟ್ಟ ಕಿರು ಹೊತ್ತಗೆಯೊಂದು ಪ್ರತ್ಯೇಕವಾಗಿ ಸಿಗುತ್ತದೆ. ಇದೇ ಮಾಹಿತಿ ‘ಫಸ್ಟ್‌ಲೈನ್’ ಎಂಬ ಆ್ಯಪ್‌ನಲ್ಲೂ ಇದೆ. ಕೆಮ್ಮು, ಗಂಟಲು ನೋವು, ಕಿವಿ ಸೋಂಕಿನಂಥ ದಿನನಿತ್ಯದ ತೊಂದರೆಗಳಿಂದ ಹಿಡಿದು ಮೆದುಳುಪೊರೆಯ ಉರಿಯೂತ ಮತ್ತು ನವಜಾತ ಶಿಶುಗಳ ರಕ್ತದ ನಂಜಿನವರೆಗೆ 30ಕ್ಕೂ ಹೆಚ್ಚು ಸೋಂಕುಗಳಿಗೆ ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ದಿನ ಎಂಬುದನ್ನು ಮಕ್ಕಳಿಗೂ ವಯಸ್ಕರಿಗೂ ಬೇರೆ ಬೇರೆಯಾಗಿ ಇದು ತಿಳಿಸುತ್ತದೆ.

ಔಷಧ ಚೀಟಿಗಳನ್ನು ಪರಿಶೀಲಿಸುವುದು ನನ್ನ ವೃತ್ತಿ. ಆದ್ದರಿಂದ ಈ ಕೈಪಿಡಿಯನ್ನು ನಾನು ಓದಿ ಮುಗಿಸುವ ಪುಸ್ತಕವೆಂದು ನೋಡಲಿಲ್ಲ. ನಿತ್ಯದ ಕೆಲಸದಲ್ಲಿ ಪಕ್ಕಕ್ಕಿಟ್ಟುಕೊಳ್ಳುವ ಉಪಕರಣವೆಂದು ಬಳಸುತ್ತ ಬಂದಿದ್ದೇನೆ. ಈ ರೋಗಿಗೆ ಆಂಟಿಬಯಾಟಿಕ್ ಬೇಕೇ, ಬೇಕಾದರೆ ಇದೇ ಬೇಕೇ, ಪ್ರಮಾಣ ಸರಿಯಿದೆಯೇ, ಇಷ್ಟು ದಿನ ಬೇಕೇ ಎಂಬ ನಾಲ್ಕು ಪ್ರಶ್ನೆಗಳು ಯಾವ ಚೀಟಿಯ ಮುಂದೆಯೂ ಏಳುತ್ತವೆ. ಈ ಕ್ಷೇತ್ರದಲ್ಲಿರುವ ಮಾರ್ಗಸೂಚಿಗಳಲ್ಲಿ ಬಹುಪಾಲು ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ವಿಸ್ತಾರವಾಗಿ ಉತ್ತರಿಸಿ, ಮೊದಲನೆಯದನ್ನು ವೈದ್ಯರ ವಿವೇಚನೆಗೆ ಬಿಟ್ಟುಬಿಡುತ್ತವೆ. ಈ ಕೈಪಿಡಿ ಆ ಮೊದಲ ಪ್ರಶ್ನೆಯಿಂದಲೇ ಹೊರಡುತ್ತದೆ. ನನ್ನ ದೃಷ್ಟಿಯಲ್ಲಿ ಇದರ ಅತಿ ದೊಡ್ಡ ಹಿರಿಮೆ ಇದೇ: ‘ಆಂಟಿಬಯಾಟಿಕ್ ಬೇಕಿಲ್ಲ’ ಎಂಬ ತೀರ್ಮಾನಕ್ಕೆ, ಔಷಧದ ಹೆಸರು ಮತ್ತು ಪ್ರಮಾಣಕ್ಕೆ ಸಿಗುವಷ್ಟೇ ಜಾಗವನ್ನೂ ಗೌರವವನ್ನೂ ಇದು ಕೊಟ್ಟಿದೆ.

ಶ್ವಾಸನಾಳದ ತೀವ್ರ ಉರಿಯೂತ, ಅಂದರೆ ಅಕ್ಯೂಟ್ ಬ್ರಾಂಕೈಟಿಸ್‌ಗೆ ಮೀಸಲಾದ ಪುಟಗಳನ್ನು ನೋಡಬೇಕು. ಇದು ಬಹುತೇಕ ವೈರಾಣುಗಳಿಂದಲೇ ಬರುವ ಕಾಯಿಲೆಯೆಂದು ಮೊದಲು ಹೇಳಿ, ನೆಗಡಿಯ ವೈರಾಣುಗಳು, ಇನ್‌ಫ್ಲುಯೆಂಜಾ, ಆರ್‌ಎಸ್‌ವಿ (ಉಸಿರಾಟದ ಸೋಂಕು ತರುವ ಇನ್ನೊಂದು ವೈರಾಣು) ಮುಂತಾದವುಗಳನ್ನು ಹೆಸರಿಸಲಾಗಿದೆ. ನ್ಯುಮೋನಿಯಾದಿಂದ ಇದನ್ನು ಬೇರ್ಪಡಿಸಿ ಗುರುತಿಸುವ ಲಕ್ಷಣಗಳು ಯಾವುವು, ಎದೆಯ ಎಕ್ಸ್‌ರೇ ಏಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ ಎಂಬ ವಿವರಣೆ ಅದರ ಬೆನ್ನಿಗೇ ಬರುತ್ತದೆ. ಕಫ ಹಳದಿಗೋ ಹಸಿರಿಗೋ ತಿರುಗಿದ ಮಾತ್ರಕ್ಕೆ ಅದು ಬ್ಯಾಕ್ಟೀರಿಯಾ ಸೋಂಕಿನ ಗುರುತಲ್ಲವೆಂದೂ ಕೆಮ್ಮು ಎರಡು ವಾರ, ಕೆಲವೊಮ್ಮೆ ಮೂರು ವಾರ ಉಳಿಯುವುದು ಸಹಜವೆಂದೂ ಸ್ಪಷ್ಟವಾಗಿ ಬರೆದಿದ್ದಾರೆ. ಚಿಕಿತ್ಸೆಯ ಭಾಗದಲ್ಲಿ ಆಂಟಿಬಯಾಟಿಕ್ ಕೊಡಬಾರದು, ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಅಡ್ಡಪರಿಣಾಮದ ಅಪಾಯ ಮಾತ್ರ ಇದೆ ಎಂಬ ನೇರ ಮಾತಿದೆ. ಅಷ್ಟಕ್ಕೇ ನಿಲ್ಲಿಸದೆ, ಜ್ವರ ಮತ್ತು ಮೈನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳ ಪ್ರಮಾಣವನ್ನೂ ಕೊಟ್ಟಿದ್ದಾರೆ. ಇದು ಸಣ್ಣ ಸಂಗತಿಯಂತೆ ಕಂಡರೂ ಚಿಕಿತ್ಸಾಲಯದ ವಾಸ್ತವವನ್ನು ಬಲ್ಲವರ ಕೆಲಸ. ಬರಿಗೈಯಲ್ಲಿ ರೋಗಿಯನ್ನು ಕಳುಹಿಸಲು ಯಾವ ವೈದ್ಯರಿಗೂ ಮನಸ್ಸು ಬರುವುದಿಲ್ಲ. ಬೇಡ ಎನ್ನುವಾಗ ಅದರ ಬದಲಿಗೆ ಏನು ಮಾಡಬೇಕೆಂದು ಹೇಳಲು ಕೈಯಲ್ಲೊಂದು ಉತ್ತರ ಇರಲೇಬೇಕು.

ಈ ಪುಟದ ಬೆಲೆ ತಿಳಿಯುವುದು ಒತ್ತಡದ ಹೊತ್ತಿನಲ್ಲಿ. ಹೊರರೋಗಿ ವಿಭಾಗದಲ್ಲಿ ಕಿರಿಯ ವೈದ್ಯರೊಬ್ಬರು ನನ್ನನ್ನು ಕೇಳಿದ್ದರು: “ಮೇಡಂ, ಕೆಮ್ಮು ಶುರುವಾಗಿ ವಾರವಾಯಿತಂತೆ, ಕಫವೂ ಹಳದಿಯಾಗಿದೆ, ಅಜಿತ್ರೋಮೈಸಿನ್ ಬರೆದುಬಿಡಲೇ? ಬರೆಯದೆ ಕಳಿಸಿದರೆ ಅವರು ಇನ್ನೊಬ್ಬರ ಹತ್ತಿರ ಹೋಗಿ ಬರೆಸಿಕೊಳ್ಳುತ್ತಾರೆ.” ಉಸಿರಾಟದ ವೇಗ, ನಾಡಿ, ಆಮ್ಲಜನಕದ ಮಟ್ಟ ಎಲ್ಲವೂ ಸರಿಯಾಗಿದ್ದವು; ಎದೆಯಲ್ಲಿ ಅಸಹಜ ಸದ್ದಿರಲಿಲ್ಲ. “ಈ ಪುಟ ತೆಗೆದು ಅವರಿಗೇ ತೋರಿಸಿ, ಡಾಕ್ಟರೇ. ಉಸಿರುಗಟ್ಟಿದರೆ, ಜ್ವರ ಮತ್ತೆ ಏರಿದರೆ ಕೂಡಲೇ ಬರಬೇಕೆಂದು ಮಾತ್ರ ಮರೆಯದೆ ಹೇಳಿ,” ಎಂದೆ. ಅವರು ಹಾಗೆಯೇ ಮಾಡಿದರು. ಆ ವೈದ್ಯರಿಗೆ ಔಷಧ ಶಾಸ್ತ್ರ ಗೊತ್ತಿರಲಿಲ್ಲವೆಂದಲ್ಲ. ‘ಬೇಡ’ ಎಂದು ಹೇಳುವಾಗ ಬೆನ್ನಿಗೆ ಯಾರಾದರೂ ಇರಬೇಕೆನ್ನಿಸಿತ್ತು, ಅಷ್ಟೆ. ಮುದ್ರಿತ ಪುಟದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆಯಿದ್ದಾಗ ಕಿರಿಯರಿಗೆ ಆ ಬಲ ಸಿಗುತ್ತದೆ.

ಕೈಪಿಡಿಯ ತಳಹದಿ 2017ರಷ್ಟು ಹಿಂದಿನದು. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯನ್ನು ಪರಿಷ್ಕರಿಸಿದಾಗ ಆಂಟಿಬಯಾಟಿಕ್‌ಗಳನ್ನು ‘ಆಕ್ಸೆಸ್’, ‘ವಾಚ್’, ‘ರಿಸರ್ವ್’ ಎಂಬ ಮೂರು ಗುಂಪುಗಳಾಗಿ ವಿಂಗಡಿಸಲಾಯಿತು; ‘ಅವೇರ್’ ಎಂಬ ಹೆಸರು ಬಂದದ್ದು ಈ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ. ಅಮಾಕ್ಸಿಸಿಲಿನ್, ಸೆಫಲೆಕ್ಸಿನ್, ಡಾಕ್ಸಿಸೈಕ್ಲಿನ್, ನೈಟ್ರೋಫ್ಯುರಾಂಟಾಯಿನ್‌ಗಳಂಥ, ಪ್ರತಿರೋಧ (ಔಷಧಕ್ಕೆ ಬ್ಯಾಕ್ಟೀರಿಯಾ ಜಗ್ಗದ ಸ್ಥಿತಿ) ಹುಟ್ಟಿಸುವ ಸಾಧ್ಯತೆ ತುಲನಾತ್ಮಕವಾಗಿ ಕಡಿಮೆಯಿರುವ ಔಷಧಗಳು ಮೊದಲ ಗುಂಪಿನಲ್ಲಿವೆ; ಇವು ಎಲ್ಲೆಡೆ, ಎಲ್ಲ ಕಾಲದಲ್ಲೂ ಸಿಗುವಂತಿರಬೇಕು. ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸಿಪ್ರೊಫ್ಲಾಕ್ಸಸಿನ್, ಮೆರೊಪೆನೆಮ್ ಮುಂತಾದವು ಎರಡನೆಯ ಗುಂಪಿನವು. ಇವುಗಳ ಬಳಕೆಯ ಮೇಲೆ ಸದಾ ಕಣ್ಣಿಟ್ಟಿರಬೇಕು. ಕೊಲಿಸ್ಟಿನ್, ಸೆಫ್ಟಜಿಡೈಮ್-ಅವಿಬ್ಯಾಕ್ಟಮ್‌ಗಳಂಥವನ್ನು ಬೇರೆಲ್ಲ ಔಷಧ ಸೋತಾಗ ಮಾತ್ರ ಹೊರತೆಗೆಯಬೇಕೆಂದು ಮೂರನೆಯ ಗುಂಪಿನಲ್ಲಿ ಕಾಯ್ದಿಡಲಾಗಿದೆ. 2019ರಲ್ಲಿ 180 ಆಂಟಿಬಯಾಟಿಕ್‌ಗಳು ಈ ವರ್ಗೀಕರಣಕ್ಕೆ ಒಳಪಟ್ಟಿದ್ದವು. 2021ರ ಹೊತ್ತಿಗೆ ಅವುಗಳ ಸಂಖ್ಯೆ 258ಕ್ಕೆ ಏರಿತು. ಎರಡು ಮೂರು ಪ್ರಬಲ ಆಂಟಿಬಯಾಟಿಕ್‌ಗಳನ್ನು ಒಂದೇ ಮಾತ್ರೆಯಲ್ಲಿ ಬೆರೆಸಿ ಮಾರುವ, ಆಧಾರವಿಲ್ಲದ ಸಂಯೋಜನೆಗಳನ್ನು ಪ್ರತ್ಯೇಕ ಪಟ್ಟಿಗೆ ಸೇರಿಸಿ, ಅವನ್ನು ಬಳಸಲೇಬಾರದೆಂದು ಹೇಳಿರುವುದು ಈ ವ್ಯವಸ್ಥೆಯ ದಿಟ್ಟ ನಡೆಗಳಲ್ಲೊಂದು.

ಈ ವಿಂಗಡಣೆ ಔಷಧದ ‘ಶಕ್ತಿ’ಯನ್ನು ಆಧರಿಸಿದ್ದಲ್ಲ ಎಂಬುದನ್ನು ಓದುಗರು ಮನಗಾಣಬೇಕು. ಮೂತ್ರಕೋಶದ ಸರಳ ಸೋಂಕಿಗೆ ನೈಟ್ರೋಫ್ಯುರಾಂಟಾಯಿನ್ ಕೊಟ್ಟರೆ ಅದು ಮೂತ್ರದಲ್ಲಿ ಸಾಂದ್ರವಾಗಿ ಸೇರಿ ಅಲ್ಲಿಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕರುಳಿನಲ್ಲಿ ವಾಸಿಸುವ ನಿರುಪದ್ರವಿ ಬ್ಯಾಕ್ಟೀರಿಯಾಗಳಿಗೆ ಅದರಿಂದ ಹೆಚ್ಚು ಹಾನಿಯಿಲ್ಲ. ಅದೇ ಸೋಂಕಿಗೆ ವಾಚ್ ಗುಂಪಿನ ಪ್ರಬಲ ಔಷಧ ಕೊಟ್ಟಾಗ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು, ಆ ಔಷಧಕ್ಕೆ ಜಗ್ಗದೆ ಉಳಿದ ಕೆಲವು ತಳಿಗಳು ತೆರವಾದ ಜಾಗವನ್ನೆಲ್ಲ ಆಕ್ರಮಿಸುತ್ತವೆ. ಅವು ತಮ್ಮ ಪ್ರತಿರೋಧದ ಜೀನ್‌ಗಳನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕುಗಳ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಇಂದಿನ ಸೋಂಕು ಎರಡು ಔಷಧಗಳಿಂದಲೂ ವಾಸಿಯಾಗಬಹುದು. ಮುಂದೊಂದು ದಿನ ಅದೇ ರೋಗಿಗೆ ಶಸ್ತ್ರಚಿಕಿತ್ಸೆಯ ನಂತರ ನಂಜೇರಿದಾಗ ಏನಾಗುತ್ತದೆ ಎಂಬುದನ್ನು ಇಂದು ಆರಿಸಿಕೊಂಡ ಔಷಧ ನಿರ್ಧರಿಸುತ್ತದೆ.

ಇಂಥ ಕೈಪಿಡಿ ಸಮಿತಿಯ ಒಂದೆರಡು ಸಭೆಗಳಲ್ಲಿ ಹುಟ್ಟುವುದಿಲ್ಲ. ಇದರ ಹಿಂದೆ ಅನೇಕರ ದುಡಿಮೆಯಿದೆ. ಅವರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ಸ್‌ನಲ್ಲಿ ಮಕ್ಕಳ ಸೋಂಕು ರೋಗಗಳ ಪ್ರಾಧ್ಯಾಪಕರಾದ ಮೈಕ್ ಶಾರ್‌ಲ್ಯಾಂಡ್ ಅವರ ವೃತ್ತಿಜೀವನವನ್ನು ಸ್ವಲ್ಪ ವಿವರವಾಗಿ ನೋಡಿದರೆ ಕೈಪಿಡಿಯ ಅನೇಕ ಸಾಲುಗಳು ಎಲ್ಲಿಂದ ಬಂದವೆಂದು ತಿಳಿಯುತ್ತದೆ. ಅವರು ಹೊಸ ಆಂಟಿಬಯಾಟಿಕ್ ಕಂಡುಹಿಡಿದು ಹೆಸರಾದವರಲ್ಲ. ಇರುವ ಔಷಧಗಳನ್ನು ಮಕ್ಕಳಿಗೆ ಹೇಗೆ ಕೊಡಲಾಗುತ್ತಿದೆ, ಹಾಗೆ ಕೊಡುವುದಕ್ಕೆ ಆಧಾರವಿದೆಯೇ ಎಂಬ, ಹೊಳಪಿಲ್ಲದ ಪ್ರಶ್ನೆಗಳ ಬೆನ್ನುಹತ್ತಿದವರು.

ಅವರ ಪ್ರಶ್ನೆಗಳಲ್ಲಿ ಒಂದು ಪೆನಿಸಿಲಿನ್ ಪ್ರಮಾಣಕ್ಕೆ ಸಂಬಂಧಿಸಿದ್ದು. ಬ್ರಿಟನ್ನಿನಲ್ಲಿ ಮಕ್ಕಳಿಗೆ ಬಾಯಿಯ ಮೂಲಕ ಕೊಡುವ ಪೆನಿಸಿಲಿನ್ ಗುಂಪಿನ ಔಷಧಗಳ ಪ್ರಮಾಣವನ್ನು ದಶಕಗಳ ಕಾಲ ವಯಸ್ಸಿನ ಮೇಲೆಯೇ ಲೆಕ್ಕಹಾಕುತ್ತಿದ್ದರು: ದೊಡ್ಡ ಮಗುವಿಗೆ ವಯಸ್ಕರ ಅರ್ಧ, ಚಿಕ್ಕ ಮಗುವಿಗೆ ಆ ಅರ್ಧದ ಅರ್ಧ, ಹಸುಗೂಸಿಗೆ ಅದರಲ್ಲೂ ಅರ್ಧ. ಮಕ್ಕಳ ಸರಾಸರಿ ತೂಕ ಬದಲಾದರೂ ಈ ಲೆಕ್ಕ ಸುಮಾರು ಐವತ್ತು ವರ್ಷ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಶಾರ್‌ಲ್ಯಾಂಡ್ ಮತ್ತು ಸಂಗಡಿಗರು 2011ರಲ್ಲಿ ಈ ರೂಢಿಯನ್ನು ಬಹಿರಂಗವಾಗಿ ಪ್ರಶ್ನಿಸಿದರು. ಕೆಲವು ವರ್ಷಗಳ ನಂತರ ಅಲ್ಲಿ ಅದೇ ಗುಂಪಿನ ಅಮಾಕ್ಸಿಸಿಲಿನ್ ಪ್ರಮಾಣಗಳು ಪರಿಷ್ಕೃತವಾದವು. ಜವಾಬ್ದಾರಿಯುತ ಔಷಧ ಬಳಕೆಯೆಂದರೆ ಕಡಿಮೆ ಕೊಡುವುದಷ್ಟೇ ಎಂದು ಭಾವಿಸುವವರು ಈ ಪ್ರಸಂಗವನ್ನು ನೆನಪಿಡಬೇಕು. ಔಷಧ ಬೇಕಾದ ಮಗುವಿಗೆ ಸಾಲದಷ್ಟು ಪ್ರಮಾಣ ಕೊಡುವುದೂ ದುರ್ಬಳಕೆಯೇ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದೂ ಸಾಲದ ಪ್ರಮಾಣದ ಪೆನಿಸಿಲಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲದೆ ಪಳಗಿಸುತ್ತದೆ ಎಂಬುದನ್ನೇ.

ಇನ್ನೊಂದು ಕೆಲಸ ಎಣಿಕೆಯದು. ಮಕ್ಕಳ ಆಂಟಿಬಯಾಟಿಕ್ ಬಳಕೆ ಕುರಿತ ‘ಆರ್ಪೆಕ್’ ಯೋಜನೆಯ ಅಂಗವಾಗಿ 2012ರಲ್ಲಿ 41 ದೇಶಗಳ 226 ಆಸ್ಪತ್ರೆಗಳಲ್ಲಿ ಸಮೀಕ್ಷೆ ನಡೆಯಿತು. ಅದರ ವಿಧಾನ ತೀರ ಸರಳ. ಗೊತ್ತುಪಡಿಸಿದ ದಿನ ವಾರ್ಡಿಗೆ ಹೋಗಿ, ಹಾಸಿಗೆಯಲ್ಲಿರುವ ಪ್ರತಿ ಮಗುವಿನ ಚಾರ್ಟ್ ನೋಡಿ, ಆಂಟಿಬಯಾಟಿಕ್ ಕೊಡುತ್ತಿದ್ದಾರೆಯೇ, ಯಾವುದನ್ನು, ಬಾಯಿಯ ಮೂಲಕವೋ ರಕ್ತನಾಳದ ಮೂಲಕವೋ, ಯಾವ ಕಾರಣಕ್ಕೆ ಎಂದು ಬರೆದುಕೊಳ್ಳುವುದು. ಇಂಥ ಸಮೀಕ್ಷೆಯ ಕೆಲಸ ಮಾಡಿದವರಿಗೆ ಗೊತ್ತು, ‘ಕಾರಣ’ದ ಕಾಲಂ ತುಂಬುವುದೇ ಎಲ್ಲಕ್ಕಿಂತ ಕಷ್ಟ. ಔಷಧದ ಹೆಸರು ದಪ್ಪಕ್ಷರದಲ್ಲಿರುತ್ತದೆ, ಏಕೆಂಬುದು ಎಲ್ಲಿಯೂ ಇರುವುದಿಲ್ಲ. ಮುಂದೆ 2018ರಿಂದ 2020ರವರೆಗೆ 11 ದೇಶಗಳ 19 ಆಸ್ಪತ್ರೆಗಳಲ್ಲಿ ನಂಜಿನ ಶಂಕೆಯಿದ್ದ 3,204 ಶಿಶುಗಳನ್ನು ಹಿಂಬಾಲಿಸಿದ ‘ನಿಯೋಅಬ್ಸ್’ ಅಧ್ಯಯನದಲ್ಲೂ ಶಾರ್‌ಲ್ಯಾಂಡ್ ಪ್ರಮುಖ ಪಾತ್ರ ವಹಿಸಿದರು. ಆ ಶಿಶುಗಳಿಗೆ ಬಳಸಿದ ಆಂಟಿಬಯಾಟಿಕ್ ಜೋಡಣೆಗಳೇ 200ಕ್ಕೂ ಹೆಚ್ಚು ಬಗೆಯವು. ಒಂದೇ ಬಗೆಯ ಶಂಕೆಗೆ ಇಷ್ಟೊಂದು ಉತ್ತರಗಳಿವೆಯೆಂದರೆ, ಸರಿಯಾದ ಉತ್ತರ ಯಾರ ಕೈಯಲ್ಲೂ ಇರಲಿಲ್ಲವೆಂದೇ ಅರ್ಥ. ಸಂಶೋಧಕರೊಬ್ಬರ ಬದುಕು ಹೀಗೆ ಎಣಿಕೆಯಿಂದ ಪ್ರಶ್ನೆಗೆ, ಪ್ರಶ್ನೆಯಿಂದ ಪ್ರಯೋಗಕ್ಕೆ, ಪ್ರಯೋಗದಿಂದ ಜಾಗತಿಕ ನೀತಿಗೆ ಸಾಗಿದ್ದನ್ನು ಕಾಣುವಾಗ ನನಗೆ ಈ ಕ್ಷೇತ್ರದ ಬಗ್ಗೆ ಹೆಮ್ಮೆಯೆನಿಸುತ್ತದೆ. ಅಗತ್ಯ ಔಷಧಗಳ ಪಟ್ಟಿಗಾಗಿ ಆಂಟಿಬಯಾಟಿಕ್‌ಗಳನ್ನು ವಿಂಗಡಿಸಿದ ಕಾರ್ಯತಂಡವನ್ನು ಮುನ್ನಡೆಸಿದವರೂ ಅವರೇ.

ಆ ದುಡಿಮೆಯ ಗುರುತು ಕೈಪಿಡಿಯ ಮಕ್ಕಳ ಪುಟಗಳಲ್ಲಿ ಢಾಳಾಗಿ ಕಾಣುತ್ತದೆ. ಮಗುವಿನ ನ್ಯುಮೋನಿಯಾ ಪುಟದಲ್ಲಿ ಅಮಾಕ್ಸಿಸಿಲಿನ್ ಪ್ರಮಾಣವನ್ನು ದಿನಕ್ಕೆ ಕಿಲೋ ತೂಕಕ್ಕೆ 80ರಿಂದ 90 ಮಿಲಿಗ್ರಾಂ ಎಂದು ಹೇಳಿ ಸುಮ್ಮನಾಗಿಲ್ಲ. ಅದರ ಕೆಳಗೇ 3ರಿಂದ 6 ಕಿಲೋ, 6ರಿಂದ 10, 10ರಿಂದ 15, 15ರಿಂದ 20, ಅದಕ್ಕೂ ಮೇಲೆ ಎಂದು ತೂಕದ ಶ್ರೇಣಿಗಳನ್ನು ಮಾಡಿ, ಪ್ರತಿ ಶ್ರೇಣಿಗೂ ಒಂದು ಡೋಸ್‌ಗೆ ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೊಮ್ಮೆ ಎಂದು ನೇರವಾಗಿ ಕೊಟ್ಟಿದ್ದಾರೆ. ರಾತ್ರಿ ಪಾಳಿಯಲ್ಲಿ, ಅಳುವ ಮಗುವನ್ನು ತೂಕದ ಯಂತ್ರದ ಮೇಲೆ ಮಲಗಿಸಿ, ಗುಣಾಕಾರ ಮಾಡಿ, ಅದನ್ನು ಎರಡರಿಂದ ಭಾಗಿಸಿ, ಸಿರಪ್‌ನ ಸಾಂದ್ರತೆಗೆ ತಕ್ಕಂತೆ ಮಿಲಿಲೀಟರಿಗೆ ಬದಲಾಯಿಸುವ ಸರಪಣಿಯಲ್ಲಿ ಎಲ್ಲಿ ಬೇಕಾದರೂ ಲೆಕ್ಕ ತಪ್ಪಬಹುದು. ಆ ಸರಪಣಿಯ ಎರಡು ಕೊಂಡಿಗಳನ್ನು ಈ ಪಟ್ಟಿ ತೆಗೆದುಹಾಕುತ್ತದೆ. ಮಿಲಿಲೀಟರಿನ ಲೆಕ್ಕ ಮಾತ್ರ ಬಳಸುವವರ ಪಾಲಿಗೇ ಉಳಿಯುತ್ತದೆ. ಸಿರಪ್‌ಗಳು ಬೇರೆ ಬೇರೆ ಸಾಂದ್ರತೆಯಲ್ಲಿ ಬರುವುದರಿಂದ ಅದಕ್ಕೆ ಸುಲಭದ ದಾರಿಯಿಲ್ಲ.

ದಿನಗಳ ವಿಷಯದಲ್ಲಿಯೂ ಕೈಪಿಡಿ ಹಳೆಯ ರೂಢಿಗೆ ಶರಣಾಗಿಲ್ಲ. ವಾರ, ಹತ್ತು ದಿನ, ಹದಿನಾಲ್ಕು ದಿನ ಎಂಬ ಸಂಖ್ಯೆಗಳು ವೈದ್ಯಕೀಯದಲ್ಲಿ ಬೇರೂರಿದ್ದು ಪ್ರಯೋಗಗಳಿಗಿಂತ ಹೆಚ್ಚಾಗಿ ಅಭ್ಯಾಸಬಲದಿಂದ. 2021ರಲ್ಲಿ ಪ್ರಕಟವಾದ ‘ಕ್ಯಾಪ್-ಇಟ್’ ಪ್ರಯೋಗದಲ್ಲಿ (ಇದರಲ್ಲೂ ಶಾರ್‌ಲ್ಯಾಂಡ್ ಇದ್ದರು) ನ್ಯುಮೋನಿಯಾ ಇದ್ದ 814 ಮಕ್ಕಳ ಫಲಿತಾಂಶವನ್ನು ಹೋಲಿಸಿ ನೋಡಿದಾಗ, ಮೂರು ದಿನ ಅಮಾಕ್ಸಿಸಿಲಿನ್ ಪಡೆದವರಲ್ಲಿಯೂ ಏಳು ದಿನ ಪಡೆದವರಲ್ಲಿಯೂ ಮುಂದಿನ 28 ದಿನಗಳಲ್ಲಿ ಮತ್ತೆ ಆಂಟಿಬಯಾಟಿಕ್ ಬೇಕಾದವರ ಪ್ರಮಾಣ ಶೇ 12.5ರ ಆಸುಪಾಸಿನಲ್ಲೇ ಇತ್ತು. ಮೂರು ದಿನದ ಗುಂಪಿನಲ್ಲಿ ಕೆಮ್ಮು ಸ್ವಲ್ಪ ಹೆಚ್ಚು ಕಾಲ ಉಳಿಯಿತು ಎಂಬುದನ್ನೂ ಮುಚ್ಚಿಡದೆ ವರದಿ ಮಾಡಿದ್ದಾರೆ. ಕೈಪಿಡಿಯಲ್ಲಿ ಮಕ್ಕಳ ಸೌಮ್ಯ ನ್ಯುಮೋನಿಯಾಕ್ಕೆ ಪರಿಸ್ಥಿತಿಗೆ ತಕ್ಕಂತೆ ಮೂರು ಅಥವಾ ಐದು ದಿನ, ವಯಸ್ಕರಿಗೆ ಐದು ದಿನ ಎಂದಿದೆ. ಗಂಟಲು ಸೋಂಕಿಗೆ ಸಂಧಿವಾತ ಜ್ವರದ (ಇಂಥ ಸೋಂಕಿನ ನಂತರ ಬಂದು ಹೃದಯದ ಕವಾಟಗಳಿಗೆ ಹಾನಿ ಮಾಡಬಲ್ಲ ಕಾಯಿಲೆ) ಅಪಾಯ ಹೆಚ್ಚಿರುವ ಕಡೆ ಹತ್ತು ದಿನ, ಇಲ್ಲದ ಕಡೆ ಐದು ದಿನ ಎಂಬ ಭೇದವನ್ನೂ ಮಾಡಿದ್ದಾರೆ. ಈ ಕೊನೆಯ ಸೂಕ್ಷ್ಮ ನನಗೆ ಬಹಳ ಮುಖ್ಯವೆನಿಸಿತು. ಕಡಿಮೆ ದಿನ ಒಳ್ಳೆಯದೆಂಬುದು ಘೋಷಣೆಯಾಗಿಬಿಟ್ಟರೆ ಹೃದಯದ ಕವಾಟಗಳನ್ನು ಕಾಪಾಡಬೇಕಾದ ಮಗುವಿಗೆ ಅನ್ಯಾಯವಾಗುತ್ತದೆ. ಕೈಪಿಡಿ ಆ ತಪ್ಪು ಮಾಡಿಲ್ಲ.

ಆಸ್ಪತ್ರೆಯ ಒಳರೋಗಿಗಳ ಭಾಗವೂ ಗಟ್ಟಿಯಾಗಿದೆ, ಆದರೆ ಅಲ್ಲಿ ಕೈಪಿಡಿಗೆ ಸ್ಪರ್ಧಿಗಳು ಹೆಚ್ಚು. ದೊಡ್ಡ ಆಸ್ಪತ್ರೆಗಳು ತಮ್ಮದೇ ಮಾರ್ಗಸೂಚಿ ಇಟ್ಟುಕೊಂಡಿರುತ್ತವೆ. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಆಂಟಿಬಯಾಟಿಕ್ ಕುರಿತ ಪುಟಗಳನ್ನು ಮಾತ್ರ ಪ್ರತಿ ಆಪರೇಷನ್ ಥಿಯೇಟರಿನಲ್ಲೂ ಅಂಟಿಸಬೇಕು. ಬಹುಪಾಲು ಶಸ್ತ್ರಚಿಕಿತ್ಸೆಗಳಿಗೆ ಸೆಫಜೋಲಿನ್‌ನಂಥ ಔಷಧದ ಒಂದು ಡೋಸ್ ಅನ್ನು, ಕೊಯ್ಯುವ ಮುನ್ನಿನ 120 ನಿಮಿಷಗಳೊಳಗೆ ಕೊಟ್ಟರೆ ಸಾಕು; ಹೊಲಿಗೆ ಹಾಕಿದ ಮೇಲೂ ದಿನಗಟ್ಟಲೆ ಮುಂದುವರಿಸುವುದರಿಂದ ಗಾಯದ ಸೋಂಕು ತಗ್ಗುವುದಿಲ್ಲ. ‘ಒಂದು ಐದು ದಿನ ಇರಲಿ’ ಎಂಬ ಮಾತಿನಿಂದ ವ್ಯರ್ಥವಾಗುವ ಔಷಧ ಮತ್ತು ಅದರಿಂದ ಹುಟ್ಟುವ ಪ್ರತಿರೋಧ ಎರಡನ್ನೂ ತಡೆಯಲು ಇದಕ್ಕಿಂತ ಸುಲಭದ ಜಾಗ ಬೇರೆ ಇಲ್ಲ.

ಇನ್ನು ಕೊರತೆಗಳ ಮಾತು. ಕೈಪಿಡಿಯ ಅಧ್ಯಾಯಗಳೆಲ್ಲ ಸೋಂಕಿನ ಹೆಸರಿನಿಂದ ಆರಂಭವಾಗುತ್ತವೆ, ರೋಗಿಗಳು ಬರುವುದು ಲಕ್ಷಣಗಳನ್ನು ಹೊತ್ತು. ನಾಲ್ಕು ದಿನದ ಜ್ವರ, ತಲೆನೋವು, ಸುಸ್ತು. ಇದು ಯಾವ ಅಧ್ಯಾಯ? ಅದು ಇನ್‌ಫ್ಲುಯೆಂಜಾ ಇರಬಹುದು, ಟೈಫಾಯ್ಡ್ ಇರಬಹುದು, ಮಲೇರಿಯಾ ಇರಬಹುದು. ರೋಗವನ್ನು ಗುರುತಿಸಿದ ಮೇಲೆ ಪುಸ್ತಕ ಅತ್ಯುತ್ತಮ ಸಂಗಾತಿ. ಗುರುತಿಸುವ ಮೊದಲಿನ ಗೊಂದಲದಲ್ಲಿ, ಅಂದರೆ ಅನಗತ್ಯ ಆಂಟಿಬಯಾಟಿಕ್‌ಗಳು ಅತಿ ಹೆಚ್ಚು ಬರೆಯಲ್ಪಡುವ ಹೊತ್ತಿನಲ್ಲಿ, ಅದರ ನೆರವು ತೆಳುವಾಗುತ್ತದೆ. ಲಕ್ಷಣದಿಂದ ಹೊರಟು ಸೋಂಕಿನ ಕಡೆಗೆ ಕರೆದೊಯ್ಯುವ ಪ್ರವೇಶದ್ವಾರವೊಂದು ಮುಂದಿನ ಆವೃತ್ತಿಯಲ್ಲಿ ಬರಲೇಬೇಕು.

ಪ್ರಮಾಣಗಳೆಲ್ಲ ಮೂತ್ರಪಿಂಡಗಳು ಸರಿಯಾಗಿ ಕೆಲಸ ಮಾಡುತ್ತಿರುವವರಿಗೆ ಎಂಬ ಸೂಚನೆ ಪುಟಗಳಲ್ಲಿ ಇದೆ. ಇದನ್ನು ಪ್ರಾಮಾಣಿಕತೆಯೆಂದು ಮೆಚ್ಚಬಹುದು. ಆದರೆ ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್ ಬೇಕಾಗುವವರಲ್ಲಿ ವೃದ್ಧರು, ಮಧುಮೇಹಿಗಳು, ನಂಜಿನಿಂದ ಮೂತ್ರಪಿಂಡ ಸೊರಗಿದವರು ಬಹಳ ಮಂದಿ. 2021ರ ಜಾಗತಿಕ ಅಂದಾಜಿನ ಪ್ರಕಾರ 1990ರಿಂದೀಚೆಗೆ ಐದು ವರ್ಷದೊಳಗಿನ ಮಕ್ಕಳಲ್ಲಿ ಪ್ರತಿರೋಧದಿಂದಾಗುವ ಸಾವುಗಳು ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ, 70 ದಾಟಿದವರಲ್ಲಿ ಶೇ 80ಕ್ಕೂ ಹೆಚ್ಚು ಏರಿವೆ. ಮಕ್ಕಳ ತೂಕಕ್ಕೆ ತೋರಿದ ಕಾಳಜಿಯನ್ನು ವೃದ್ಧರ ಮೂತ್ರಪಿಂಡಕ್ಕೂ ತೋರಿ, ಅಂಥದ್ದೇ ಶ್ರೇಣಿಗಳ ಪಟ್ಟಿಯೊಂದನ್ನು ಕೊಟ್ಟಿದ್ದರೆ ಮೂತ್ರಪಿಂಡಗಳ ಮೂಲಕವೇ ಹೊರಹೋಗುವ ಜೆಂಟಾಮೈಸಿನ್‌ನಂಥ ಔಷಧವನ್ನು ಬಳಸುವಾಗ ಬೇರೆ ಪುಸ್ತಕ ತೆರೆಯಬೇಕಾಗುತ್ತಿರಲಿಲ್ಲ.

ಗುಂಪುಗಳ ಬಗ್ಗೆಯೂ ಒಂದು ತಕರಾರಿದೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಮ್ಲ ಬೆರೆಸಿದ ಔಷಧವೂ ಆಕ್ಸೆಸ್ ಗುಂಪಿನಲ್ಲಿಯೇ ಇದೆ. ಅದು ಬರೀ ಅಮಾಕ್ಸಿಸಿಲಿನ್‌ಗಿಂತ ಎಷ್ಟೋ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಕರುಳಿನ ಮೇಲೆ ಅದರ ಪರಿಣಾಮವೂ ಹೆಚ್ಚು. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಉನ್ನತ ಸಭೆಯು, ಜಗತ್ತಿನಲ್ಲಿ ಮನುಷ್ಯರಿಗೆ ಬಳಸುವ ಆಂಟಿಬಯಾಟಿಕ್‌ಗಳಲ್ಲಿ ಶೇ 70ರಷ್ಟಾದರೂ ಆಕ್ಸೆಸ್ ಗುಂಪಿನವಾಗಿರಬೇಕೆಂಬ ಗುರಿಯನ್ನು 2030ಕ್ಕೆ ಇಟ್ಟಿತು. ಒಳ್ಳೆಯ ಗುರಿ. ಆದರೆ ಪ್ರತಿ ನೆಗಡಿಗೂ ಅಮಾಕ್ಸಿಸಿಲಿನ್-ಕ್ಲಾವುಲಾನೇಟ್ (ಮೇಲೆ ಹೇಳಿದ ಬೆರಕೆ ಔಷಧ) ಬರೆಯುವ ಚಿಕಿತ್ಸಾಲಯವೂ ಈ ಶೇಕಡಾವಾರಿನಲ್ಲಿ ಮುಂದೆ ಬರಬಹುದು. ಬರೆಯದೆ ಉಳಿಸಿದ ಚೀಟಿಗಳು ಯಾವ ಶೇಕಡಾವಾರಿನಲ್ಲೂ ಕಾಣಿಸುವುದಿಲ್ಲ. ಕೈಪಿಡಿಯ ಮೊದಲ ಪ್ರಶ್ನೆಗೆ ಸಿಕ್ಕ ಮಹತ್ವ ಅಳತೆಯ ವಿಧಾನದಲ್ಲಿ ಕಳೆದುಹೋಗಿದೆ. ಆದ್ದರಿಂದ ಆಸ್ಪತ್ರೆಗಳು ಶೇಕಡಾವಾರಿನ ಜೊತೆಗೆ ಒಟ್ಟು ಬಳಕೆಯನ್ನೂ, ಬ್ರಾಂಕೈಟಿಸ್‌ನಂಥ ಒಂದೆರಡು ಕಾಯಿಲೆಗಳಲ್ಲಿ ಆಂಟಿಬಯಾಟಿಕ್ ಇಲ್ಲದೆ ಮನೆಗೆ ಹೋದವರ ಪ್ರಮಾಣವನ್ನೂ ಲೆಕ್ಕವಿಡಬೇಕು.

ಸ್ಥಳೀಯ ಪ್ರತಿರೋಧದ ಮಾಹಿತಿಯನ್ನು ಜಾಗತಿಕ ಪುಸ್ತಕವೊಂದು ಕೊಡಲಾರದು. ಅದನ್ನು ಕೊರತೆಯೆನ್ನುವುದು ಸರಿಯಲ್ಲ. ಒಂದು ಆಸ್ಪತ್ರೆಯಲ್ಲಿ ಮೂತ್ರದ ಸೋಂಕಿನ ಇ. ಕೊಲೈ ಬ್ಯಾಕ್ಟೀರಿಯಾಗಳಲ್ಲಿ ಎಷ್ಟು ಪಾಲು ಯಾವ ಔಷಧಕ್ಕೆ ಮಣಿಯುತ್ತಿಲ್ಲ ಎಂಬುದು ಅಲ್ಲಿಯ ಪ್ರಯೋಗಾಲಯಕ್ಕೆ ಮಾತ್ರ ಗೊತ್ತು. ಕೈಪಿಡಿಯ ಶಿಫಾರಸನ್ನು ಆ ವರದಿಯ ಪಕ್ಕದಲ್ಲಿಟ್ಟು ಓದಬೇಕು. ಆದರೆ ರೋಗಿಯೊಡನೆ ಮಾತನಾಡುವುದಕ್ಕೆ ಬೇಕಾದ ಸಾಮಗ್ರಿಯ ಅಭಾವ ನಿಜವಾದ ಕೊರತೆ. ಪುಟಗಳೆಲ್ಲ ಔಷಧ ಬರೆಯುವವರನ್ನು ಉದ್ದೇಶಿಸಿವೆ. ಕಾಯಿಲೆ ಎಷ್ಟು ದಿನ ಇರುತ್ತದೆ, ಮನೆಯಲ್ಲಿ ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಮರಳಿ ಬರಬೇಕು ಎಂಬುದನ್ನು ರೋಗಿಯ ಕೈಗೆ ಕೊಡಬಹುದಾದ ಸರಳ ಹಾಳೆಯಾಗಿ ಪ್ರತಿ ಅಧ್ಯಾಯದ ಕೊನೆಯಲ್ಲಿ ಸೇರಿಸಿದ್ದರೆ, ಹೊರರೋಗಿ ವಿಭಾಗದ ಎಷ್ಟೋ ವಾದಗಳು ಆರಂಭವಾಗುವ ಮೊದಲೇ ಮುಗಿಯುತ್ತಿದ್ದವು.

ಇಷ್ಟು ಕೊರತೆಗಳನ್ನು ಹೇಳಿದ ಮೇಲೂ ನಾನು ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. 2019ರಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಸತ್ತವರು 12.7 ಲಕ್ಷ ಮಂದಿಯೆಂದೂ, ಅವು ಯಾವುದೋ ರೀತಿಯಲ್ಲಿ ಪಾತ್ರ ವಹಿಸಿದ ಸಾವುಗಳು 49.5 ಲಕ್ಷವೆಂದೂ ಅಂದಾಜಿಸಲಾಗಿದೆ. ಇವರಲ್ಲಿ ಸರಿಯಾದ ಔಷಧ ಸಿಗದೆ ಸತ್ತವರೂ ಇದ್ದಾರೆ ಎಂಬುದನ್ನು ನಾವು ಮರೆಯುವಂತಿಲ್ಲ. ಬೇಡದವರಿಗೆ ಕೊಡದಿರುವುದೂ ಬೇಕಾದವರಿಗೆ ತಪ್ಪದೆ ಸಿಗುವಂತೆ ಮಾಡುವುದೂ ಒಂದೇ ಕೆಲಸದ ಎರಡು ಭಾಗಗಳೆಂದು ತಿಳಿದು ಬರೆದ ಪುಸ್ತಕವಿದು.

ಮೊದಲ ಬಾರಿ ಬಳಸುವವರು 700 ಪುಟಗಳನ್ನು ಆರಂಭದಿಂದ ಓದಲು ಹೊರಡಬಾರದು. ಸಚಿತ್ರ ಹೊತ್ತಗೆಯನ್ನು ಇಳಿಸಿಕೊಂಡು, ತಮ್ಮಲ್ಲಿ ಅತಿ ಹೆಚ್ಚಾಗಿ ಕಾಣುವ ನಾಲ್ಕೈದು ಸೋಂಕುಗಳ ಪುಟಗಳನ್ನು ಮುದ್ರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಲಿ. ಯಾವುದಾದರೂ ಶಿಫಾರಸು ವಿಚಿತ್ರವೆನಿಸಿದಾಗ ಅದರ ಕಾರಣ ಹುಡುಕಲು ದೊಡ್ಡ ಪುಸ್ತಕಕ್ಕೆ ಹೋಗಲಿ. ವೈದ್ಯಕೀಯ ಮತ್ತು ಔಷಧ ವಿಜ್ಞಾನದ ವಿದ್ಯಾರ್ಥಿಗಳು ಮಾತ್ರ ಪೂರ್ಣ ಪುಸ್ತಕದ ಬ್ರಾಂಕೈಟಿಸ್, ಗಂಟಲು ಸೋಂಕು ಮತ್ತು ಕಿವಿ ಸೋಂಕಿನ ಅಧ್ಯಾಯಗಳನ್ನು ಮೊದಲು ಓದಿ, ಆಮೇಲೆ ರಿಸರ್ವ್ ಗುಂಪಿನ ಅಧ್ಯಾಯಗಳಿಗೆ ಹೋಗುವುದು ಒಳ್ಳೆಯದು.